ಕೋಚ್‌ ಅವರನ್ನು ಕೇಳಿ: ಅಮೆರಿಕದ ಕಾಲೇಜು ಮಹಿಳಾ ಟೆನಿಸ್ ತಂಡದ ಸಹಾಯಕ ಕೋಚ್ ಕೆಲಸ

ನಿರ್ವಾಹಕರು: ದಾವಣಗೆರೆಯಲ್ಲಿ ಆಟ ಕಲಿತು, ಅಮೆರಿಕದ ಕಾಲೇಜೊಂದರ ಪರವಾಗಿ ನಾಲ್ಕು ವರ್ಷ ಆಡಿ, ಈಗ ಅಲ್ಲಿಯೇ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ 'ಡಿವಿಷನ್ ಒಂದರ' ಮಹಿಳಾ ತಂಡಕ್ಕೆ ಸಹಾಯಕ ಕೋಚ್ ಆಗಿರುವ ನಮ್ಮ ಸದಸ್ಯೆ ಇಂದು ಉತ್ತರಿಸುತ್ತಾರೆ. ಪ್ರಶ್ನೆಗಳನ್ನು ಇಲ್ಲಿಯೇ ಬರೆಯಿರಿ.

ಮೈಸೂರಿನ ಆಟಗಾರ್ತಿ: ಸಹಾಯಕ ಕೋಚ್ ಎಂದರೆ ಚೆಂಡು ಎಸೆದುಕೊಡುವವರು ತಾನೇ ಎಂದು ಮನೆಯಲ್ಲಿ ಕೇಳುತ್ತಾರೆ. ನಿಜವಾದ ಕೆಲಸ ಏನು?

ಕೋಚ್: ಚೆಂಡನ್ನೂ ಎಸೆಯುತ್ತೇನೆ, ದಿನಕ್ಕೆ ನೂರಾರು. ಆದರೆ ಮನೆಯವರಿಗೆ ಪಂದ್ಯದ ದಿನವನ್ನು ವಿವರಿಸಿ. ಎರಡು ಕಾಲೇಜುಗಳು ಎದುರಾದಾಗ ಮೊದಲು ಮೂರು ಡಬಲ್ಸ್ ಒಂದೇ ಹೊತ್ತಿಗೆ ನಡೆಯುತ್ತವೆ. ಎರಡನ್ನು ಗೆದ್ದ ತಂಡಕ್ಕೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್, ತಲಾ ಒಂದು ಅಂಕ. ಏಳರಲ್ಲಿ ನಾಲ್ಕನ್ನು ಮೊದಲು ಪಡೆದವರದು ಗೆಲುವು. ಆರು ಕೋರ್ಟ್‌ಗಳಲ್ಲಿ ಆರು ಹುಡುಗಿಯರು ಏಕಕಾಲಕ್ಕೆ ಆಡುವಾಗ ಮುಖ್ಯ ಕೋಚ್ ಒಬ್ಬರೇ ಎಲ್ಲೆಲ್ಲಿಗೆ ಓಡಬೇಕು? ಕಾಲೇಜು ಟೆನಿಸ್‌ನಲ್ಲಿ ಕೋಚ್ ಕೋರ್ಟಿನೊಳಗೇ ನಿಂತು, ಒಂದು ಪಾಯಿಂಟ್‌ಗೂ ಇನ್ನೊಂದಕ್ಕೂ ನಡುವೆ ಆಟಗಾರ್ತಿಯೊಡನೆ ಮಾತನಾಡಬಹುದು. ನಮ್ಮಲ್ಲಿ ಕೊನೆಯ ಮೂರು ಕೋರ್ಟ್‌ಗಳು ನನ್ನ ಪಾಲಿನವು. ತಂಡಗಳು 3-3ಕ್ಕೆ ಬಂದು ನಿಂತಾಗ ಎಷ್ಟೋ ಸಲ ಆಟ ಉಳಿದಿರುವುದು ಆರನೆಯ ಕೋರ್ಟಿನಲ್ಲಿಯೇ. 40-40 ಆದರೆ ಇಲ್ಲಿ ಅಡ್ವಾಂಟೇಜ್ ಇಲ್ಲ, ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ಅದಕ್ಕೆ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಏನು ಹೇಳಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ. ಉಳಿದ ದಿನಗಳಲ್ಲಿ ವ್ಯಾನ್ ಓಡಿಸುತ್ತೇನೆ, ಹೋಟೆಲ್ ಕಾದಿರಿಸುತ್ತೇನೆ, ರಾಕೆಟ್‌ಗೆ ತಂತಿ ಬಿಗಿಯುತ್ತೇನೆ, ಋತುವಿನಲ್ಲಿ ಅಭ್ಯಾಸ ವಾರಕ್ಕೆ 20 ಗಂಟೆ ಮೀರದಂತೆ ಲೆಕ್ಕ ಬರೆಯುತ್ತೇನೆ.

ಹಾಸನದ ಸದಸ್ಯ: ಸಂಬಳ ಎಷ್ಟು?

ಕೋಚ್: ಒಂದೇ ಸಂಖ್ಯೆ ಹೇಳಿದರೆ ಸುಳ್ಳಾಗುತ್ತದೆ. ದೊಡ್ಡ ವಿಶ್ವವಿದ್ಯಾಲಯಕ್ಕೂ ಸಣ್ಣ ಊರಿನ ಕಾಲೇಜಿಗೂ ಅಜಗಜಾಂತರ. ನಾನು ಓದುತ್ತಲೇ ದುಡಿಯುವ ಪದವಿ ಸಹಾಯಕಿಯಾಗಿ ಆರಂಭಿಸಿದೆ. ಸ್ನಾತಕೋತ್ತರ ಶುಲ್ಕ ಮಾಫಿಯಾಯಿತು, ಬಾಡಿಗೆಗೂ ದಿನಸಿಗೂ ಸಾಲುವಷ್ಟು ಭತ್ಯೆ ಸಿಕ್ಕಿತು. ಸಂಬಳವೇ ಇಲ್ಲದ ಸ್ವಯಂಸೇವಕ ಕೋಚ್ ಎಂಬ ವರ್ಗವನ್ನು ಡಿವಿಷನ್ ಒಂದರಲ್ಲಿ 2023ರ ಜುಲೈ 1ರಿಂದ ತೆಗೆದಿದ್ದಾರೆ, ಅಷ್ಟು ಸಮಾಧಾನ.

ಬೆಂಗಳೂರಿನ ಸದಸ್ಯೆ: ವೀಸಾ?

ಕೋಚ್: ಎಫ್-1 ವೀಸಾದಲ್ಲಿ ಓದು, ಮುಗಿದ ಮೇಲೆ 12 ತಿಂಗಳು ಕೆಲಸದ ಅನುಮತಿ. ಆ ಕೆಲಸ ಓದಿದ ವಿಷಯಕ್ಕೆ ಸಂಬಂಧಪಟ್ಟಿರಬೇಕು. ಕಂಪ್ಯೂಟರ್ ಓದಿ ಆ ಅನುಮತಿಯ ಮೇಲೆ ಕೋಚ್ ಆಗುತ್ತೇನೆಂದರೆ ನಡೆಯುವುದಿಲ್ಲ. ನಾನು ಕ್ರೀಡಾ ನಿರ್ವಹಣೆ ಓದಿದ್ದು ಅದಕ್ಕೇ. ಮುಂದೆ ಎಚ್-1ಬಿ. ವಿಶ್ವವಿದ್ಯಾಲಯಗಳಿಗೆ ಅದರ ಲಾಟರಿ ಅನ್ವಯಿಸುವುದಿಲ್ಲ.

ಹುಬ್ಬಳ್ಳಿಯ ತಂದೆ: ನಮಗೊಂದು ಸಂದೇಶ ಬಂದಿದೆ. ನಾಲ್ಕು ಲಕ್ಷ ಕಟ್ಟಿದರೆ ಮಗಳಿಗೆ ಶೇ 100 ವಿದ್ಯಾರ್ಥಿವೇತನ ಖಾತರಿ, ಜೊತೆಗೆ ಜಾಹೀರಾತಿನಿಂದಲೂ ಸಂಪಾದಿಸಬಹುದು ಎಂದಿದೆ. ನಂಬಬಹುದೇ?

ಕೋಚ್: ಬೇಡ. ಹಣ ಕಟ್ಟಬೇಡಿ. ಖಾತರಿ ಕೊಡುವ ಅಧಿಕಾರ ಯಾವ ಏಜೆಂಟ್‌ಗೂ ಇಲ್ಲ. ಹಿಂದೆ ಡಿವಿಷನ್ ಒಂದರ ಮಹಿಳಾ ತಂಡಕ್ಕೆ 8 ಪೂರ್ಣ ವಿದ್ಯಾರ್ಥಿವೇತನಗಳಿದ್ದವು. ಕಾಲೇಜು ಕ್ರೀಡಾಪಟುಗಳ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದ ನಂತರ, ಅದಕ್ಕೆ ಒಳಪಟ್ಟ ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡದಲ್ಲಿ 10 ಮಂದಿ ಮಾತ್ರ ಎಂಬ ಮಿತಿ ಬಂದಿದೆ. ಆ ಹತ್ತರಲ್ಲಿ ಒಂದನ್ನು ದಲ್ಲಾಳಿಗೆ ಯಾರು ಬರೆದುಕೊಡುತ್ತಾರೆ? ಎಫ್-1 ವಿದ್ಯಾರ್ಥಿನಿ ಅನುಮತಿಯಿಲ್ಲದೆ ಜಾಹೀರಾತಿಗೆ ದುಡಿದರೆ ವೀಸಾಕ್ಕೇ ಕುತ್ತು. ಮಗಳೇ ಪಂದ್ಯದ ವಿಡಿಯೊ, ಅಂಕಪಟ್ಟಿ, ಯುಟಿಆರ್ ರೇಟಿಂಗ್ (ಆಟದ ಮಟ್ಟ ತೋರಿಸುವ ಅಂತರರಾಷ್ಟ್ರೀಯ ಅಂಕ) ಸೇರಿಸಿ ಕೋಚ್‌ಗಳಿಗೆ ಮಿಂಚಂಚೆ ಬರೆಯಲಿ. ಅವನ್ನು ಮೊದಲು ತೆರೆದು ಓದುವುದು ನನ್ನಂಥ ಸಹಾಯಕರೇ.

ಶಿವಮೊಗ್ಗದ ಸದಸ್ಯ: ಹನ್ನೊಂದು ವರ್ಷದ ಮಗಳಿಗೆ ಯಾವ ರಾಕೆಟ್ ಕೊಡಿಸಲಿ?

ಹೆಸರು ಬೇಡವೆಂದ ಸದಸ್ಯೆ: ನಾನು ಇಲ್ಲಿ ಹೊಸದಾಗಿ ಸೇರಿದ ಪದವಿ ಸಹಾಯಕಿ. ತಂಡದ ಹುಡುಗಿಯೊಬ್ಬಳು ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಮೊಣಕಾಲಿನ ಕೆಳಗೆ ಮೂಳೆ ನೋಯುತ್ತದೆ ಎಂದು ನನಗೊಬ್ಬಳಿಗೇ ಹೇಳಿದ್ದಾಳೆ. ತಂಡದ ಊಟದಲ್ಲಿ ಸೊಪ್ಪು ತರಕಾರಿ ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಮುಖ್ಯ ಕೋಚ್‌ಗೆ ತಿಳಿದರೆ ತನ್ನ ಜಾಗ ಹೋಗುತ್ತದೆ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಶನಿವಾರ ಪಂದ್ಯ. ಮಾತು ಮುರಿಯಲೇ?

ಕೋಚ್: ಉಳಿದ ಪ್ರಶ್ನೆಗಳು ಕಾಯಲಿ.

ಮುರಿಯಿರಿ. ಆದರೆ ಅವಳ ಬೆನ್ನ ಹಿಂದೆ ಅಲ್ಲ. ಈಗಲೇ ಅವಳನ್ನು ಕಂಡು, "ಆ ಮಾತು ಕೊಟ್ಟದ್ದು ನನ್ನ ತಪ್ಪು, ನಡೆ, ಇಬ್ಬರೂ ಅಥ್ಲೆಟಿಕ್ ಟ್ರೈನರ್ ಹತ್ತಿರ ಹೋಗೋಣ" ಎಂದು ಹೇಳಿ. ಊರಿನವರಿಗಾಗಿ ಹೇಳುತ್ತೇನೆ, ಇಲ್ಲಿ ಆ ಹುದ್ದೆ ಜಿಮ್ ಕಲಿಸುವವರದಲ್ಲ, ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯದು. ಅವಳು ಬರದಿದ್ದರೆ ನೀವೊಬ್ಬರೇ ಹೋಗಿ. ಅವಳಿಗೂ ಹಾಗೆಂದು ತಿಳಿಸಿಯೇ ಹೋಗಿ.

ಮೂರು ತಿಂಗಳಿಗಿಂತ ಹೆಚ್ಚು ಮುಟ್ಟು ನಿಂತರೆ ವೈದ್ಯರು ನೋಡಲೇಬೇಕು. ಗರ್ಭ, ಥೈರಾಯ್ಡ್, ಬೇರೆ ಕಾರಣಗಳನ್ನು ಅವರು ಪರೀಕ್ಷಿಸುತ್ತಾರೆ. ಆದರೆ ನೀವು ಹೇಳಿದ ಮೂರೂ ಸೇರಿದರೆ ನನಗೆ ಭಯವಾಗುತ್ತದೆ. ಆಡಿ ಖರ್ಚಾಗುವಷ್ಟು ಶಕ್ತಿ ಊಟದಿಂದ ಬರದಿದ್ದಾಗ ದೇಹ ಮುಟ್ಟನ್ನು ನಿಲ್ಲಿಸುತ್ತದೆ, ಮೂಳೆ ಸವೆಯತೊಡಗುತ್ತದೆ, ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೊಸ ಹೆಸರನ್ನೇ ಕೊಟ್ಟು ಎಚ್ಚರಿಸಿತು. ನೋಡಲು ತೆಳ್ಳಗಿರಲೇಬೇಕೆಂದಿಲ್ಲ. ಅವಳ ತೂಕದ ಬಗ್ಗೆ, ತಟ್ಟೆಯ ಬಗ್ಗೆ ನೀವು ಒಂದು ಮಾತನ್ನೂ ಆಡಬೇಡಿ. ಆ ಮೂಳೆಯನ್ನು ವೈದ್ಯರು ನೋಡುವವರೆಗೆ ಅವಳು ಓಡಬಾರದು, ಜಿಗಿಯಬಾರದು. ಶನಿವಾರದ ಪಂದ್ಯದ ತೀರ್ಮಾನ ನಿಮ್ಮದೂ ಅಲ್ಲ, ಮುಖ್ಯ ಕೋಚ್‌ದೂ ಅಲ್ಲ. ಗಾಯಾಳು ಯಾವಾಗ ಮರಳಬಹುದು ಎಂಬ ವಿಷಯದಲ್ಲಿ ವೈದ್ಯಕೀಯ ಸಿಬ್ಬಂದಿಯ ಮಾತನ್ನು ಕೋಚ್ ಮೀರುವಂತಿಲ್ಲ, ನಿಯಮವೇ ಹಾಗಿದೆ.

ನನ್ನ ಎರಡನೆಯ ವರ್ಷದಲ್ಲಿ ನಾನೂ ಕಾಲುನೋವನ್ನು ಆರು ವಾರ ಮುಚ್ಚಿಟ್ಟಿದ್ದೆ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಿದ್ದುದನ್ನು ಕಂಡುಹಿಡಿದದ್ದು ನಮ್ಮ ಸಹಾಯಕ ಕೋಚ್. ಆ ಋತುವನ್ನು ಕಳೆದುಕೊಂಡೆ, ಕಾಲು ಉಳಿಯಿತು. ವರ್ಷವಿಡೀ ಅವರ ಮೇಲೆ ಮುನಿಸಿಕೊಂಡಿದ್ದೆ. ಇಂದು ನಾನು ಈ ಕೆಲಸದಲ್ಲಿರುವುದು ಅವರಿಂದ. ಈಗಲೇ ಎದ್ದು ಹೋಗಿ.

ತುಮಕೂರಿನ ಸದಸ್ಯೆ: ಈ ಸಂದೇಶ ಅವರಿಗೆ ಉಪಯೋಗವಾಗಬಹುದು: "ಎಳ್ಳು ಬೆಲ್ಲದ ಕಷಾಯ ಏಳು ದಿನ, ಜೊತೆಗೆ ಪಪ್ಪಾಯಿ ಕಾಯಿ, ನಿಂತ ಮುಟ್ಟು ತಾನಾಗಿ ಬರುತ್ತದೆ. ಮೂಳೆ ನೋವಿಗೆ ಬಿಸಿ ಎಣ್ಣೆ ತಿಕ್ಕಿ. ಹತ್ತು ಜನರಿಗೆ ಕಳುಹಿಸಿ."

ಕೋಚ್: ಒಬ್ಬರಿಗೂ ಕಳುಹಿಸಬೇಡಿ. ಎಳ್ಳು ಬೆಲ್ಲ ಊಟದ ಜೊತೆ ತಿಂದರೆ ಒಳ್ಳೆಯ ಆಹಾರ, ನನ್ನ ಡಬ್ಬಿಯಲ್ಲಿಯೂ ಎಳ್ಳುಂಡೆ ಇದೆ. ಆದರೆ ಈ ಕಷಾಯ ಕುಡಿದು ಏಳು ದಿನ ಕಾಯುವ ಹುಡುಗಿ ಆ ಏಳೂ ದಿನ ಬಿರುಕು ಬಿಟ್ಟಿರಬಹುದಾದ ಮೂಳೆಯ ಮೇಲೆ ಓಡುತ್ತಿರುತ್ತಾಳೆ. ಅದನ್ನು ತಿಕ್ಕಲೂಬಾರದು.

ತುಮಕೂರಿನ ಸದಸ್ಯೆ: ನಮ್ಮ ಅಜ್ಜಿಯ ಕಾಲದಿಂದ ಬಂದದ್ದು. ಹಿರಿಯರು ಮೂರ್ಖರಲ್ಲ.

ಕೋಚ್: ನಿಮ್ಮ ಅಜ್ಜಿ ಎದುರಿಗಿದ್ದ ಮೊಮ್ಮಗಳನ್ನು ನೋಡಿ ಮದ್ದು ಕೊಟ್ಟರು. ಈ ಸಂದೇಶ ಬರೆದವರು ಯಾರನ್ನೂ ನೋಡಿಲ್ಲ.

ಬೆಳಗಾವಿಯ ಸದಸ್ಯ: ಇದಕ್ಕೇ ಹುಡುಗಿಯರ ತಂಡಕ್ಕೆ ಕಟ್ಟುನಿಟ್ಟಿನ ಗಂಡು ಕೋಚ್ ಬೇಕು ಎನ್ನುವುದು. ಹೆಂಗಸರು ಮೆತ್ತಗಾಗುತ್ತಾರೆ.

ಮಂಗಳೂರಿನ ಸದಸ್ಯೆ: ಆ ಹುಡುಗಿ ಬಾಯಿ ಬಿಟ್ಟದ್ದು ಹೆಂಗಸಿನ ಮುಂದೆ. ಅದು ನಿಮಗೆ ಕಾಣಲಿಲ್ಲವೇ?

ಬೆಳಗಾವಿಯ ಸದಸ್ಯ: ನನ್ನ ಮೂವತ್ತು ವರ್ಷದ ಅನುಭವದ ಮಾತು.

ಮಂಗಳೂರಿನ ಸದಸ್ಯೆ: ಮೂವತ್ತು ವರ್ಷದಲ್ಲಿ ಎಷ್ಟು ಹುಡುಗಿಯರು ನಿಮ್ಮ ಬಳಿ ಬಂದು ನೋವು ಹೇಳಿಕೊಂಡರು? ಅದನ್ನು ಹೇಳಿ.

ಬೆಳಗಾವಿಯ ಸದಸ್ಯ: ವೈಯಕ್ತಿಕ ಮಾತು ಬೇಡ. ನಿರ್ವಾಹಕರು ಗಮನಿಸಲಿ.

ಕೋಚ್: 1972ರಲ್ಲಿ, ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಟೈಟಲ್ ನೈನ್ ಕಾನೂನು ಬಂದಾಗ ಇಲ್ಲಿನ ಮಹಿಳಾ ಕಾಲೇಜು ತಂಡಗಳಲ್ಲಿ ಶೇ 90ಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ಮುಖ್ಯ ಕೋಚ್ ಆಗಿದ್ದರು. ಹಣವೂ ಸಂಬಳವೂ ಬಂದ ಮೇಲೆ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಕಟ್ಟುನಿಟ್ಟಿಗೆ ಕೊರತೆಯೇನೂ ಆಗಿಲ್ಲ. ಆ ಹುಡುಗಿ ಮುಚ್ಚಿಟ್ಟದ್ದು ಕಟ್ಟುನಿಟ್ಟಿಗೆ ಹೆದರಿಯೇ. ಈ ವಾದವನ್ನು ಇಲ್ಲಿಗೆ ಬಿಡಿ.

ಕಲಬುರಗಿಯ ಸದಸ್ಯ: ಸಂಬಳದ ಬಗ್ಗೆ ಯಾರಾದರೂ ತಿಳಿಸುತ್ತೀರಾ?

ಕೋಚ್: ಮೇಲೆ ಹೇಳಿದ್ದೇನೆ.

ಉಡುಪಿಯ ತಾಯಿ: ಡಿವಿಷನ್ ಮೂರರಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇದೆಯೇ?

ಕೋಚ್: ಇಲ್ಲ.

ವಿಜಯಪುರದ ಸದಸ್ಯ: ಮೊಣಕೈ ನೋವಿಗೆ ಬೆಳ್ಳುಳ್ಳಿ ಎಣ್ಣೆಯ ವಿಡಿಯೊ ಹಾಕಲೇ?

ಕೋಚ್: ಬೇಡ. ಇನ್ನು ಮುಂದೆ ಇಂಥವಕ್ಕೆ ಉತ್ತರಿಸುವುದಿಲ್ಲ.

ವಿಜಯಪುರದ ಸದಸ್ಯ: ಅಮೆರಿಕಕ್ಕೆ ಹೋದ ಮೇಲೆ ಸೌಜನ್ಯವೂ ಹೋಯಿತು.

ಹೆಸರು ಬೇಡವೆಂದ ಸದಸ್ಯೆ: ಟ್ರೈನರ್ ಕೋಣೆಯಿಂದ ಈಗ ಬಂದೆವು. ನಾಳೆ ವೈದ್ಯರ ಭೇಟಿ ಮತ್ತು ಸ್ಕ್ಯಾನ್. ಶನಿವಾರ ಆಡುವುದಿಲ್ಲ. ದಾರಿಯುದ್ದಕ್ಕೂ ನನ್ನೊಡನೆ ಮಾತನಾಡಲಿಲ್ಲ.

ಕೋಚ್: ಮಾತನಾಡದಿರಲಿ. ಶನಿವಾರ ತಂಡದ ಬಸ್ಸಿನಲ್ಲಿ ಅವಳಿಗೆ ಜಾಗ ಇರುವಂತೆ ಈಗಲೇ ಮುಖ್ಯ ಕೋಚ್ ಹತ್ತಿರ ಕೇಳಿ. ನಾನು ನೋವಿನ ಕಾಲಿಗೆ ವೈದ್ಯರು ಕೊಟ್ಟ ಆಸರೆ ಬೂಟ್ ಹಾಕಿಕೊಂಡು ಹಾಸ್ಟೆಲ್‌ನಲ್ಲಿ ಒಬ್ಬಳೇ ಉಳಿದಿದ್ದ ಆ ಮೊದಲ ಶನಿವಾರ ಕಾಲುನೋವಿಗಿಂತ ಕಷ್ಟವಾಗಿತ್ತು.