1989ರ ಮಹೀಂದ್ರ ಪಿಕಪ್ ಮನೆಯಲ್ಲೇ ಎಬ್ಬಿಸೋದು: ಯಾವ ಕೆಲಸ ಮೊದಲು?

ಆಲ್ದೂರು_ಪಿಕಪ್:
ಎಲ್ಲರಿಗೂ ನಮಸ್ಕಾರ. ಗಾಡಿ 1989ರ ಮಹೀಂದ್ರ ಜೀಪ್ ಪಿಕಪ್, ಫೋರ್ ವೀಲ್. ಎಂಜಿನ್ ಪೂಜೋ ಎಕ್ಸ್‌ಡಿಪಿ 4.90, ನಾಲ್ಕು ಗೇರು, ನಾಲ್ಕೂ ಕಡೆ ಡ್ರಮ್ ಬ್ರೇಕ್, ಬೂಸ್ಟರ್ (ಬ್ರೇಕ್ ತುಳಿತಕ್ಕೆ ಬಲ ಕೂಡಿಸುವ ಡಬ್ಬಿ) ಇಲ್ಲ. ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ ಹೊತ್ತ ಗಾಡಿ. ಮೂರು ಮಳೆಗಾಲ ಶೆಡ್ಡಲ್ಲೇ ನಿಂತಿದೆ.

ಈಗಿನ ಸ್ಥಿತಿ: ಕ್ಯಾಬಿನ್ ಹಿಂದೆ ಎಡಗಡೆ ಚಾಸಿಸ್‌ನಲ್ಲಿ ಒಂದು ಗೇಣುದ್ದ ಸ್ಕ್ರೂಡ್ರೈವರ್ ಒಳಗೆ ಹೋಗುವಷ್ಟು ತುಕ್ಕು. ಹಿಂದಿನ ಪ್ಲೇಟ್ ಕಟ್ಟಿನ (ಲೀಫ್ ಸ್ಪ್ರಿಂಗ್) ಹ್ಯಾಂಗರ್ ಹತ್ತಿರ ಪದರ ಪದರ ಏಳ್ತಿದೆ. ತೊಟ್ಟಿಯ ತಳ ಪೂರ್ತಿ ಹೋಗಿದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಬಿಟ್ಟುಕೊಂಡು ಸ್ಟಾರ್ಟ್ ಆಗುತ್ತೆ, ಆಮೇಲೆ ಸರಿ. ಏರಲ್ಲಿ ಬಿಸಿ ಏರುತ್ತೆ. ಬ್ರೇಕ್ ಎರಡು ಸಲ ಪಂಪ್ ಮಾಡಿದರೆ ಮಾತ್ರ. ಸ್ಟೇರಿಂಗ್ ನಾಲ್ಕು ಬೆರಳು ಆಟ, 45 ದಾಟಿದರೆ ಮುಂದಿನ ಚಕ್ರ ಕುಣಿಯುತ್ತೆ.

ಮನಸ್ಸಲ್ಲಿರೋದು: 2498 ಸಿಸಿಯ ಎಕ್ಸ್‌ಡಿ3ಪಿ ಎಂಜಿನ್, ಐದು ಗೇರು, ಮುಂದೆ ಡಿಸ್ಕ್ ಬ್ರೇಕ್, ಪವರ್ ಸ್ಟೇರಿಂಗ್. ಮಿಗ್ ವೆಲ್ಡಿಂಗ್, 4 ಇಂಚಿನ ಗ್ರೈಂಡರ್, ಕಂಪ್ರೆಸರ್ ಇದೆ. ಜೂನ್ ಮಳೆಗೆ ಮೊದಲು ಓಡಾಡುವ ಹಾಗಾಗಬೇಕು. ಯಾವುದರಿಂದ ಶುರು ಮಾಡಲಿ?

ಕೆಎ18_ಡೀಸೆಲ್:
ನೀವು ಬರೆದ ಪಟ್ಟಿಯನ್ನ ತಲೆಕೆಳಗು ಮಾಡಿ. ಚಾಸಿಸ್, ಬ್ರೇಕ್, ಸ್ಟೇರಿಂಗ್, ಕೂಲಿಂಗ್. ಎಂಜಿನ್ನು, ಗೇರ್‌ಬಾಕ್ಸು ಆಮೇಲೆ ನೋಡೋಣ. ತುಕ್ಕು ಹಿಡಿದ ಚಾಸಿಸ್ ಮೇಲೆ ಕೂರಿಸಿದ ದೊಡ್ಡ ಎಂಜಿನ್ ಬರೀ ಭಾರ.

ಗೊಬ್ಬರ ಹೊತ್ತ ಗಾಡಿ ಅಂದಿರಲ್ಲ, ನಿಮ್ಮ ತುಕ್ಕಿನ ಮೂಲ ಅಲ್ಲೇ ಇರಬಹುದು. ಕೆಂಪು ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಉಪ್ಪಿನ ಹಾಗೆಯೇ ತೇವ ಎಳೆದುಕೊಂಡು ಕಬ್ಬಿಣದ ಗುಳಿಗಳಲ್ಲಿ ಕೂರುತ್ತೆ. ಗ್ರೈಂಡರ್ ಹೊಡೆದು ಫಳಫಳ ಮಾಡಿ ಪೇಂಟ್ ಬಳಿದರೂ ಆ ಉಪ್ಪು ಒಳಗೇ ಉಳಿದಿರುತ್ತೆ. ಮೊದಲ ಮಳೆಗಾಲದಲ್ಲೇ ಪೇಂಟ್ ಗುಳ್ಳೆ ಏಳುತ್ತೆ, ಆಗ ಪೇಂಟನ್ನ ಬಯ್ತೀವಿ. ಆದ್ದರಿಂದ ಕ್ರಮ ಹೀಗೆ: ಪದರ ತುಕ್ಕನ್ನ ಚಿಪ್ಪಿಂಗ್ ಸುತ್ತಿಗೆಯಲ್ಲಿ ಉದುರಿಸಿ, ವೈರ್ ಬ್ರಷ್ ಹಾಕಿ, ಪ್ರೆಷರ್ ವಾಷರ್‌ನಲ್ಲಿ ಬರೀ ನೀರು ಹೊಡೆದು ಒಣಗಿಸಿ. ಮತ್ತೆ ಬ್ರಷ್, ಮತ್ತೆ ನೀರು. ಎರಡನೇ ಸಲ ತೊಳೆದ ಮೇಲೆ ಬ್ಲೋವರ್ ಹಿಡಿದು ಕೂಡಲೇ ಒಣಗಿಸಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದಾಗ ಗುಳಿಗಳಲ್ಲಿ ಕಂದು ಚುಕ್ಕೆ ತೇವವಾಗಿ ಎದ್ದಿದ್ದರೆ ಉಪ್ಪು ಇನ್ನೂ ಇದೆ, ಮತ್ತೆ ತೊಳೆಯಿರಿ.

ತೇಪೆಗೆ: ಸುತ್ತಿಗೆಯಲ್ಲಿ ಹೊಡೆದಾಗ ಟಣ್ ಅನ್ನುವ ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ. ಹೊಸ ಪಟ್ಟಿ ಮೂಲ ಚಾಸಿಸ್‌ನಷ್ಟೇ ದಪ್ಪ ಇರಲಿ. 'ಗಟ್ಟಿಯಾಗಿರಲಿ' ಅಂತ 6 ಎಂಎಂ ಹಾಕಿದರೆ ಆ ಜಾಗ ಬಗ್ಗಲ್ಲ, ಅದರ ಅಂಚಿನಲ್ಲಿ ಹೊಸ ಬಿರುಕು ಬರುತ್ತೆ. ತುದಿಗಳನ್ನ ನೇರ ಲಂಬವಾಗಿ ಕತ್ತರಿಸಬೇಡಿ, 45 ಡಿಗ್ರಿ ಓರೆ ಇರಲಿ. ಒಂದೇ ಉಸಿರಲ್ಲಿ ಬೆಸೆಯದೆ 25-30 ಎಂಎಂ ತುಂಡು ತುಂಡಾಗಿ, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಹಾಕಿ. ಶುರು ಮಾಡುವ ಮೊದಲು ಮುಂದಿನ ಎಡ ಪ್ಲೇಟ್ ಬೋಲ್ಟಿನಿಂದ ಹಿಂದಿನ ಬಲ ಹ್ಯಾಂಗರ್‌ಗೆ, ಹಾಗೇ ಇನ್ನೊಂದು ಕರ್ಣಕ್ಕೆ ಟೇಪ್ ಹಿಡಿದು ಬರೆದಿಡಿ. ಮುಗಿದ ಮೇಲೂ ಅವೇ ಅಳತೆ ಬರಬೇಕು. ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿರಬೇಕು. ಡೀಸೆಲ್ ಟ್ಯಾಂಕ್ ಕೆಳಗಿಳಿಸಿಯೇ ಕೆಲಸ.

ಆಮೇಲೆ ಎರಡು ಪ್ಯಾಕಿನ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ತುಕ್ಕಿನ ಮೇಲೆ ರಸ್ಟ್ ಕನ್ವರ್ಟರ್ ಬಳಿದಿದ್ದರೆ ಜಿಂಕ್ ರಿಚ್ ಪ್ರೈಮರ್ ಬೇಡ, ಅದಕ್ಕೆ ಬರಿ ಕಬ್ಬಿಣವೇ ಬೇಕು. ನಮ್ಮ ಕಡೆ ಬೆಳಿಗ್ಗೆ ಮಂಜಿರುತ್ತೆ, ತಣ್ಣಗಿನ ಚಾಸಿಸ್ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ. ಹನ್ನೊಂದು ಗಂಟೆ ಮೇಲೆ ಶುರು ಮಾಡಿ ನಾಲ್ಕಕ್ಕೆ ನಿಲ್ಲಿಸಿ. ಬಾಕ್ಸ್ ಆಗಿರುವ ಜಾಗಕ್ಕೆ ಕ್ಯಾವಿಟಿ ವ್ಯಾಕ್ಸ್ (ಒಳಗೆ ಸಿಂಪಡಿಸುವ ಮೇಣ). ಹಳೇ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ತೋಟಗಳಲ್ಲಿ ಇದೆ, ದಯವಿಟ್ಟು ಬೇಡ. ರಬ್ಬರ್ ಬುಷ್ ಉಬ್ಬುತ್ತೆ, ಮುಂದೆ ಯಾವ ಪೇಂಟೂ ಕೂರಲ್ಲ.

ಲೈನರ್_ಪಿಸ್ಟನ್:
ಎಂಜಿನ್ ಬಗ್ಗೆ ನಾನು ಬರೀತೀನಿ. ನೀವು ಹೇಳಿದ ಲಕ್ಷಣಕ್ಕೆ ಎಂಜಿನ್ ಬದಲಾಯಿಸುವುದು ತಲೆನೋವಿಗೆ ತಲೆ ಕತ್ತರಿಸಿದ ಹಾಗೆ.

ಬೆಳಿಗ್ಗೆ ಮಾತ್ರ ಬಿಳಿ ಹೊಗೆ, ಬಿಸಿಯಾದ ಮೇಲೆ ಸರಿ ಅಂದರೆ ಮೊದಲ ಅನುಮಾನ ಹೀಟರ್ ಪ್ಲಗ್ (ತಣ್ಣಗಿನ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗೋಕೆ ಒಳಗೆ ಬಿಸಿ ಕೊಡುವುದು). ಪ್ಲಗ್‌ಗಳನ್ನ ಸೇರಿಸುವ ಪಟ್ಟಿ ಬಿಚ್ಚಿ ಒಂದೊಂದನ್ನೇ ಮಲ್ಟಿಮೀಟರ್‌ನಲ್ಲಿ ನೋಡಿ. ಒಂದು ಓಮ್ ಆಸುಪಾಸು ತೋರಿಸಿದರೆ ಬದುಕಿದೆ, ಏನೂ ತೋರಿಸದಿದ್ದರೆ ಸತ್ತಿದೆ. ಪಟ್ಟಿ ಬಿಚ್ಚದೆ ನೋಡಿದರೆ ಒಳ್ಳೆಯ ಪ್ಲಗ್ ಸತ್ತದ್ದನ್ನ ಮುಚ್ಚಿಡುತ್ತೆ. ಪ್ಲಗ್ ನಾಲ್ಕೂ ಸರಿಯಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ. ಪಂಪಿಗೆ ಹೋಗುವ ಕಡೆ ಒಂದಡಿ ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಓಡಿದರೆ ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಹೋಸು, ವಾಷರು ಎಲ್ಲ ಹೊಸದು. ಮೂರು ಮಳೆಗಾಲ ನಿಂತ ಟ್ಯಾಂಕಿನ ತಳದಲ್ಲಿ ನೀರು, ಲೋಳೆ ಇದ್ದೇ ಇರುತ್ತೆ. ಚಾಸಿಸ್ ಕೆಲಸಕ್ಕೆ ಹೇಗೂ ಇಳಿಸ್ತೀರಿ, ಆಗಲೇ ತೊಳೆದುಬಿಡಿ.

ಬಿಸಿ ಏರೋದನ್ನ ಹಗುರವಾಗಿ ತಗೋಬೇಡಿ. ಈ 2112 ಸಿಸಿ ಎಂಜಿನ್ನಿಗೆ ಎರಕದ ಕಬ್ಬಿಣದ ಬ್ಲಾಕು, ವೆಟ್ ಲೈನರು (ಹೊರಮೈಗೆ ಕೂಲೆಂಟ್ ತಾಗುವ, ಬಿಚ್ಚಿ ತೆಗೆಯುವ ಸಿಲಿಂಡರ್ ಕೊಳವೆ), ಮೇಲೆ ಅಲ್ಯೂಮಿನಿಯಂ ಹೆಡ್ಡು. ಒಂದು ಸಲ ಚೆನ್ನಾಗಿ ಕುದಿದರೆ ಹೆಡ್ ಬಾಗುತ್ತೆ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆಯುವ ಮೊದಲೇ ಗುಳ್ಳೆ ಒಂದೇ ಸಮನೆ ಬರ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಗುಳ್ಳೆ ಇಲ್ಲದಿದ್ದರೆ ರೇಡಿಯೇಟರ್ ಇಳಿಸಿ ರಾಡಿಂಗ್ (ಒಳಗಿನ ಕೊಳವೆಗಳಿಗೆ ಕಡ್ಡಿ ಹಾಕಿ ಕಸ ತೆಗೆಯೋದು) ಮಾಡಿಸಿ, ಥರ್ಮೋಸ್ಟಾಟ್ ಬಿಸಿ ನೀರಲ್ಲಿ ಹಾಕಿ ತೆರೆಯುತ್ತಾ ನೋಡಿ, ಫ್ಯಾನಿನ ಸುತ್ತಲ ಶ್ರೌಡ್ (ಕವಚ) ಇದೆಯಾ ನೋಡಿ. ಎಷ್ಟೋ ಗಾಡಿಯಲ್ಲಿ ಶ್ರೌಡ್ ಗುಜರಿಗೆ ಹೋಗಿರುತ್ತೆ, ಫಸ್ಟ್ ಗೇರಿನ ಏರಲ್ಲಿ ಗಾಳಿಯನ್ನ ರೇಡಿಯೇಟರ್ ಮೂಲಕ ಎಳೆಯೋದೇ ಅದು.

ಹೆಡ್ ತೆಗೆಯಲೇಬೇಕಾಗಿ ಬಂದರೆ ಒಂದೇ ಎಚ್ಚರ: ಹೆಡ್ ಎತ್ತಿದ ಮೇಲೆ ಕ್ರ್ಯಾಂಕ್ ತಿರುಗಿಸಬೇಡಿ. ಲೈನರ್ ಮೇಲೆದ್ದರೆ ಕೆಳಗಿನ ಸೀಲ್ ಜಾಗ ತಪ್ಪಿ ಆಯಿಲಿಗೆ ನೀರು ಇಳಿಯುತ್ತೆ. ನಟ್ಟು, ವಾಷರ್ ಹಾಕಿ ಲೈನರ್ ಒತ್ತಿ ಹಿಡಿದಿರಿ. ಕೂಲೆಂಟ್ ಅರ್ಧಕ್ಕರ್ಧ, ಡಿಸ್ಟಿಲ್ಡ್ ನೀರಿನ ಜೊತೆ. ಬರೀ ಬಾವಿ ನೀರು ಹಾಕಿ ಓಡಿಸಿದ ವೆಟ್ ಲೈನರ್ ಹೊರಮೈ ಜರಡಿಯ ಹಾಗೆ ತೂತು ಬೀಳುತ್ತೆ.

ಇಳಿಜಾರು_4ಬೈ4:
ಬ್ರೇಕಿಗೆ ಬರೋಣ. ಡಿಸ್ಕ್ ಕಿಟ್ ತರುವ ಮೊದಲು ಒಂದು ವಿಷಯ: ನಿಮ್ಮದು ಡೀಸೆಲ್, ಇನ್‌ಟೇಕ್ ಮ್ಯಾನಿಫೋಲ್ಡಲ್ಲಿ ಬೂಸ್ಟರಿಗೆ ಸಾಕಾಗುವ ವ್ಯಾಕ್ಯೂಮ್ ಇಲ್ಲ. ಬೂಸ್ಟರ್ ಹಾಕಿ ಮ್ಯಾನಿಫೋಲ್ಡಿಗೆ ಪೈಪ್ ಕೊಟ್ಟರೆ ಪೆಡಲ್ ಕಲ್ಲಿನ ಹಾಗೇ ಇರುತ್ತೆ. ಹಿಂಭಾಗದಲ್ಲಿ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇಕು. ಆ ಪಂಪಿಗೆ ಎಂಜಿನ್ನಿಂದ ಆಯಿಲ್ ಲೈನ್ ಒಂದು, ಎಂಜಿನ್ ತಳದ ಆಯಿಲ್ ಸಂಪ್‌ಗೆ ವಾಪಸ್ ಲೈನ್ ಒಂದು. ವಾಪಸ್ ಲೈನ್ ದಪ್ಪಗಿರಲಿ, ಎಲ್ಲೂ ಮಡಚದೆ ಇಳಿಜಾರಾಗಿ ಇಳಿಯಲಿ. ಅದು ಕಟ್ಟಿದರೆ ಪಂಪಿನಲ್ಲಿ ಆಯಿಲ್ ತುಂಬಿ ಸೀಲ್ ಒಡೆಯುತ್ತೆ. ಬೂಸ್ಟರ್ ಕಡೆ ನಾನ್ ರಿಟರ್ನ್ ವಾಲ್ವ್ ಮರೆಯಬೇಡಿ.

ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು) ಟ್ಯಾಂಡೆಮ್, ಅಂದರೆ ಎರಡು ಪ್ರತ್ಯೇಕ ಲೈನಿನದು, ಇರಲೇಬೇಕು. ಸಿಂಗಲ್ ಮಾಸ್ಟರಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರ ಹೋಯ್ತು, ಚಾರ್ಮಾಡಿ ಘಾಟಿ ಇಳಿಯುವಾಗ ಹ್ಯಾಂಡ್ ಬ್ರೇಕ್ ಒಂದೇ ಗತಿ. ಪೈಪ್ 4.75 ಎಂಎಂ, ಡಬಲ್ ಫ್ಲೇರ್. ಎಸಿ ಕೆಲಸದ ತಾಮ್ರದ ಪೈಪಿಗೆ ಸಿಂಗಲ್ ಫ್ಲೇರ್ ಹೊಡೆದು ಕೊಡುವವರಿದ್ದಾರೆ, ಅದು ಬ್ರೇಕಿಗೆ ಅಲ್ಲ.

ಕೆಡುವ ಜಾಗಗಳು: ಡ್ರಮ್ಮಿನ ಲೈನಲ್ಲಿ ಸುಮಾರು 10 ಪಿಎಸ್‌ಐ ಹಿಡಿದಿಡುವ ರೆಸಿಡ್ಯುಯಲ್ ವಾಲ್ವ್ ಇರುತ್ತೆ. ಅದನ್ನ ಡಿಸ್ಕ್ ಲೈನಲ್ಲಿ ಉಳಿಸಿದರೆ ಪ್ಯಾಡ್ ಬಿಡೋದೇ ಇಲ್ಲ, ಹಬ್ ಮುಟ್ಟಲಾಗದಷ್ಟು ಬಿಸಿ. ಮಾಸ್ಟರ್ ನೆಲದಡಿ ಇದ್ದು ಡಿಸ್ಕಿನ ಪ್ಯಾಡ್ ಒತ್ತುವ ಕ್ಯಾಲಿಪರ್‌ಗಿಂತ ತಗ್ಗಿನಲ್ಲಿದ್ದರೆ ಮಾತ್ರ ಡಿಸ್ಕ್ ಲೈನಿಗೆ 2 ಪಿಎಸ್‌ಐ ವಾಲ್ವ್. ಕ್ಯಾಲಿಪರ್ ಎಡ ಬಲ ಅದಲುಬದಲಾದರೆ ಬ್ಲೀಡರ್ (ಗಾಳಿ ಬಿಡುವ ಸ್ಕ್ರೂ) ಕೆಳಗೆ ಬರುತ್ತೆ, ಎಷ್ಟು ಡಬ್ಬಿ ಬ್ರೇಕ್ ಆಯಿಲ್ ಸುರಿದರೂ ಗಾಳಿ ಹೋಗಲ್ಲ. ಬ್ಲೀಡರ್ ಯಾವಾಗಲೂ ಮೇಲೆ. ಹಿಂದಿನ ಡ್ರಮ್ಮಿನ ಬ್ರೇಕ್ ಲೈನರನ್ನ ಉಜ್ಜುವಷ್ಟು ಅಡ್ಜಸ್ಟ್ ಮಾಡಿ ಸ್ವಲ್ಪ ಸಡಿಲಿಸಿ, ಆಮೇಲೆ ಗಾಳಿ ತೆಗೆಯಿರಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪೆಡಲಿಗೆ 10-12 ಎಂಎಂ ಆಟ ಬಿಡಿ. ಬಿಡದಿದ್ದರೆ ಬಿಸಿಯಾದಾಗ ಆಯಿಲ್ ವಾಪಸ್ ಬರದೆ ಬ್ರೇಕ್ ತಾನಾಗಿ ಹಿಡಿಯುತ್ತೆ.

ಪರೀಕ್ಷೆ: ಎಂಜಿನ್ ಆಫ್, ಪೆಡಲ್ ನಾಲ್ಕೈದು ಸಲ ತುಳಿದು ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಕಾಲಡಿ ಪೆಡಲ್ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡ್ತಿದೆ. ಇನ್ನೊಂದು, ಇದು ಪಿಕಪ್. ಖಾಲಿ ಇದ್ದಾಗ ಹಿಂದೆ ಭಾರವೇ ಇರಲ್ಲ, ಒದ್ದೆ ಟಾರಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತೆ. ಹಿಂದಿನ ಲೈನಿಗೆ ಪ್ರೊಪೋರ್ಷನಿಂಗ್ ವಾಲ್ವ್ (ಆ ಲೈನಿನ ಒತ್ತಡ ಕಮ್ಮಿ ಮಾಡುವುದು) ಹಾಕಿ, ಖಾಲಿ ಗಾಡಿಯಲ್ಲಿ, ಖಾಲಿ ಮೈದಾನದಲ್ಲಿ ಸೆಟ್ ಮಾಡಿ.

ಕೆಎ18_ಡೀಸೆಲ್:
ಎಲ್ಲ ಸರಿ, ಆದರೆ ಡಿಸ್ಕ್ ಈ ವರ್ಷವೇ ಬೇಕಾ? ಜೂನಿಗೆ ಓಡಬೇಕು ಅಂತಿದ್ದಾರೆ. ಟ್ಯಾಂಡೆಮ್ ಮಾಸ್ಟರ್, ಬೂಸ್ಟರ್, ವ್ಯಾಕ್ಯೂಮ್ ಪಂಪ್ ಮಾಡಿ, ಡ್ರಮ್ ಲೇತಿನಲ್ಲಿ ಸ್ಕಿಮ್ ಮಾಡಿಸಿ, ವೀಲ್ ಸಿಲಿಂಡರ್ ಹೊಸದು ಹಾಕಿದರೆ ತೋಟದ ವೇಗಕ್ಕೆ ಧಾರಾಳ ಸಾಕು.

ಇಳಿಜಾರು_4ಬೈ4:
ಹಳ್ಳ ದಾಟಿ ಬಂದ ಡ್ರಮ್ ಒಣಗೋವರೆಗೆ ಹಿಡಿಯಲ್ಲ ಮಾರಾಯ್ರೇ, ಡಿಸ್ಕ್ ಎರಡು ತುಳಿತಕ್ಕೆ ಒಣಗುತ್ತೆ. ಕೆಸರಿಗೆ ಪ್ಯಾಡ್ ಬೇಗ ಸವೆಯುತ್ತೆ ಅನ್ನೋದು ಒಪ್ಪುತ್ತೀನಿ. ಆದರೆ ಡ್ರಮ್ ಇಟ್ಟರೆ ರೆಸಿಡ್ಯುಯಲ್ ವಾಲ್ವ್ ನಾಲ್ಕಕ್ಕೂ ಉಳಿಸಿ, ಅಷ್ಟೇ.

ಆಲ್ದೂರು_ಪಿಕಪ್:
ತುಂಬಾ ಥ್ಯಾಂಕ್ಸ್ ಸರ್. ಎಂಜಿನ್ ಬದಲಾವಣೆ ಕೈಬಿಟ್ಟೆ. ಚಕ್ರ ಕುಣಿಯೋದಕ್ಕೆ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ನಿಲ್ಲುತ್ತಾ? ಐದು ಗೇರ್ ಹಾಕೋದು ವ್ಯರ್ಥವಾ?

ಹೌಸಿಂಗ್_ಹೇಮಾವತಿ:
ಡ್ಯಾಂಪರ್ (ಸ್ಟೇರಿಂಗಿನ ಅದುರು ಹೀರುವ ಶಾಕ್ ಅಬ್ಸಾರ್ಬರ್) ರೋಗವನ್ನ ಮುಚ್ಚುತ್ತೆ, ವಾಸಿ ಮಾಡಲ್ಲ. ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಬ್ರೇಕ್ ತುಳಿದಿರಲಿ. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್, ತುಳಿದರೂ ಇದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ). ಕಿಂಗ್ ಪಿನ್ ಬೇರಿಂಗ್ ಹಾಕುವಾಗ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಕೊಡಬೇಕು. ದೊಡ್ಡ ಆಯಿಲ್ ಸೀಲ್ ಬಿಚ್ಚಿ, ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ಸುಮಾರು 5.5ರಿಂದ 7 ಕೆಜಿಗೆ ನಕಲ್ (ಚಕ್ರದ ಜೊತೆ ತಿರುಗುವ ಆಕ್ಸಲ್ ತುದಿಯ ಭಾಗ) ತಿರುಗಬೇಕು. ಶಿಮ್ ಮೇಲೆ ಕೆಳಗೆ ಸಮ ತೆಗೆಯಿರಿ, ಒಂದೇ ಕಡೆ ತೆಗೆದರೆ ಆಕ್ಸಲ್ ಮಧ್ಯ ತಪ್ಪುತ್ತೆ. ಆಮೇಲೆ ಟೈ ರಾಡ್ ಎಂಡು, ಬೆಲ್ ಕ್ರ್ಯಾಂಕ್ ಇದ್ದರೆ ಅದರ ಪಿನ್ನು, ಬುಷ್ಷು. ಟೋ ಇನ್ (ಮುಂದಿನ ಚಕ್ರಗಳು ಮುಂದೆ ಒಳಕ್ಕೆ ವಾಲಿರುವ ಅಳತೆ) 1.2ರಿಂದ 2.4 ಎಂಎಂ. ಇಷ್ಟಾದ ಮೇಲೂ ಭಾರ ಅನ್ನಿಸಿದರೆ ಪವರ್ ಸ್ಟೇರಿಂಗ್ ಯೋಚಿಸಿ. ಸವೆದ ಜಾಯಿಂಟಿಗೆ ಪವರ್ ಕೊಟ್ಟರೆ ಆಟ ಗೊತ್ತಾಗೋದೇ ಇಲ್ಲ.

ಗೇರಿಗಿಂತ ಮೊದಲು ಕ್ರೌನ್ (ಆಕ್ಸಲ್ ಹೌಸಿಂಗ್ ಒಳಗಿನ ದೊಡ್ಡ ಹಲ್ಲುಚಕ್ರ) ಯಾವುದು ನೋಡಿ. ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಒಂದು ಚಕ್ರ ಮಾತ್ರ ಎತ್ತಿ (ಉಳಿದವಕ್ಕೆ ಅಡ್ಡಗಲ್ಲು), ಎತ್ತಿದ ಚಕ್ರ ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟಿಗೆ ಚಾಕ್ ಗೆರೆ ಹಾಕಿ ಎಣಿಸಿ. ಐದಕ್ಕೆ ಸ್ವಲ್ಪ ಕಮ್ಮಿ ಬಂದರೆ 8-39, ಅಂದರೆ 4.88. ಐದೂಕಾಲು ದಾಟಿದರೆ 8-43, ಅಂದರೆ 5.38. ಮುಂದಿನ ಹೌಸಿಂಗಿಗೂ ಹೀಗೇ ಎಣಿಸಿ. ಎರಡೂ ಒಂದೇ ಇರಬೇಕು. ಹಳೇ ಗಾಡಿಗಳಲ್ಲಿ ಯಾರೋ ಹಿಂದಿನದನ್ನ ಮಾತ್ರ ಬದಲಾಯಿಸಿರ್ತಾರೆ. ಆಮೇಲೆ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಎರಡೂ ಕಡೆ ಶಕ್ತಿ ಹಂಚುವ ಪೆಟ್ಟಿಗೆ) ಪುಡಿ.

6.00-16 ಟೈರಲ್ಲಿ ನಾಲ್ಕನೇ ಗೇರು, 60ರ ವೇಗಕ್ಕೆ 5.38 ಆದರೆ ಸುಮಾರು 2450 ಆರ್‌ಪಿಎಂ, 4.88 ಆದರೆ 2200. ಚಿಕ್ಕಮಗಳೂರು, ಹಾಸನ ದಿನಾ ಓಡಾಟ ಇದ್ದರೆ ಐದು ಗೇರಿಗೆ ಅರ್ಥ ಇದೆ. ಆಲ್ದೂರು ಪೇಟೆಗೆ ಹೋಗಿಬರೋದಕ್ಕೆ ಬೇಡ. ಆಯಿಲ್ ಮಾತ್ರ ನೋಡಿ ಹಾಕಿ: ಗೇರ್‌ಬಾಕ್ಸಿಗೆ ಜಿಎಲ್ 4, ಹೌಸಿಂಗಿಗೆ ಜಿಎಲ್ 5. ಜಿಎಲ್ 5ನ್ನ ಗೇರ್‌ಬಾಕ್ಸಿಗೆ ಸುರಿದರೆ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ.

ತೊಟ್ಟಿಯ ತಳ: 3 ಎಂಎಂ ಚೆಕ್ಕರ್ ಶೀಟ್ ಒಂದು ಚದರ ಮೀಟರಿಗೆ ಸುಮಾರು 25 ಕೆಜಿ. ಒಂದಿಂಚಿನ ಗಟ್ಟಿಮರದ ಹಲಗೆ ಸುಮಾರು 19-20 ಕೆಜಿ. ಗೊಬ್ಬರ ಹೊರೋದಾದರೆ ಹಲಗೆಯೇ ವಾಸಿ, ನಡುವೆ ಪೆನ್ಸಿಲ್ ದಪ್ಪ ಸಂದು ಬಿಟ್ಟರೆ ತೊಳೆದ ನೀರು ನಿಲ್ಲಲ್ಲ. ಸಿಲ್ವರ್ ಓಕ್ ತೋಟದಲ್ಲೇ ಇದೆ ಅಂತ ಹಾಕಬೇಡಿ, ಮಳೆಗೆ ಕೊಳೆಯುತ್ತೆ. ಮತ್ತಿ ಮರ ಹಾಕಿ. ಹಲಗೆ, ಚಾಸಿಸ್ ನಡುವೆ ರಬ್ಬರ್ ಪಟ್ಟಿ ಇರಲಿ.

ಲೈನರ್_ಪಿಸ್ಟನ್:
ಕಾಗದದ ವಿಷಯ ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಮುಂದೆ ಎಂದಾದರೂ ಎಂಜಿನ್ ಬದಲಾಯಿಸುವ ಯೋಚನೆ ಬಂದರೆ ಮೊದಲು ಆರ್‌ಟಿಒ ಒಪ್ಪಿಗೆ, ಆಮೇಲೆ ಸ್ಪಾನರ್. ಬಣ್ಣ ಬದಲಾದರೂ ಆರ್‌ಸಿಯಲ್ಲಿ ನಮೂದಾಗಬೇಕು. ಹಳದಿ ಬೋರ್ಡ್ ಇದ್ದರೆ ಈ ವಯಸ್ಸಿನ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಬಿಳಿ ಬೋರ್ಡ್ ಆದರೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. ನಿಮ್ಮದು ಯಾವುದು, ಯಾವಾಗ ಮುಗಿದಿದೆ ಅಂತ ಇವತ್ತೇ ತೆಗೆದು ನೋಡಿ.

ಚಾಸಿಸ್ ಉಜ್ಜುವ ಮೊದಲು ನಂಬರ್ ಹೊಡೆದಿರುವ ಜಾಗ ಹುಡುಕಿ, ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ, ಫೋಟೋನೂ ಇರಲಿ. ಅದರ ಮೇಲೆ ಎರಡು ಸುತ್ತು ಟೇಪ್ ಹಾಕಿಯೇ ಗ್ರೈಂಡರ್ ಎತ್ತಿ. ಅಲ್ಲಿ ಎಪಾಕ್ಸಿ ಬಳಿಯಬೇಡಿ, ತೆಳ್ಳಗೆ ಗ್ರೀಸ್ ಸವರಿದರೆ ಸಾಕು.