ಸಹಾಯ ಬೇಕು: ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಗೆ ಹುಡುಗರು ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನಃಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ 18ರಿಂದ 25 ವರ್ಷದವರು ಬೇಕು. ಹುಡುಗಿಯರು ಸಾಕಷ್ಟು ಸಿಕ್ಕಿದ್ದಾರೆ, ಹುಡುಗರೇ ಕಡಿಮೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಾದರೆ ಇನ್ನೂ ಒಳ್ಳೆಯದು. ತೋಟ, ಕಾಡುದಾರಿ ಸುತ್ತಿ ಬೆಳೆದವರು ಹೇಗೆ ಮಾಡುತ್ತಾರೆ ಅಂತ ನೋಡುವ ಆಸೆ ನನಗೆ.

ಸಣ್ಣ ಘನಗಳನ್ನು ಜೋಡಿಸಿದ ಆಕೃತಿಯ ಚಿತ್ರ ಕೊಡುತ್ತೇನೆ. ಪಕ್ಕದ ನಾಲ್ಕರಲ್ಲಿ ಅದನ್ನೇ ತಿರುಗಿಸಿಟ್ಟ ಎರಡನ್ನು ಗುರುತಿಸಬೇಕು. ವ್ಯಾಂಡೆನ್‌ಬರ್ಗ್ ಮತ್ತು ಕ್ಯೂಸ್ ಎಂಬ ಸಂಶೋಧಕರ 1978ರ ಪರೀಕ್ಷೆ ಇದು. ಇದರಲ್ಲಿ ಸರಾಸರಿ ಗಂಡಸರ ಅಂಕ ಜಾಸ್ತಿ. ಪದಗಳ ಪಟ್ಟಿ ನೆನಪಿಡುವುದರಲ್ಲಿ ಹೆಂಗಸರದು. ಆದರೆ ಇದು ಬರೀ ಸರಾಸರಿ. ಸುಮ್ನೆ ‘ಹುಡುಗಿಯರಿಗೆ ದಾರಿ ತಿಳಿಯಲ್ಲ’ ಅನ್ನುವುದು ಸರಿಯಲ್ಲ, ಅಲ್ವಾ?

ಹೆಸರು ಎಲ್ಲೂ ಬರುವುದಿಲ್ಲ. ಬಿಡುವಿದ್ದವರು ದಯವಿಟ್ಟು ಕಾಮೆಂಟ್ ಮಾಡಿ, ತಮ್ಮಂದಿರಿಗೂ ಗೆಳೆಯರಿಗೂ ಹೇಳಿ.