ಸಹಾಯ ಬೇಕು: ಮಾವನವರ ಊಟದಲ್ಲಿ ಉಪ್ಪು ಇಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮುಳಬಾಗಿಲು ಕಡೆಯವರು. ನಮ್ಮ ಮಾವನವರಿಗೆ 64 ವರ್ಷ. ಹೋದ ತಿಂಗಳು ಬಿಪಿ 170/100 ಬಂತು. ಮಾತ್ರೆ ಶುರುವಾಗಿದೆ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದ ಒಳಗೆ. ಉಪ್ಪಿನಕಾಯಿ, ಹಪ್ಪಳ ಎಲ್ಲ ಅದರಲ್ಲೇ ಸೇರಿತು.

ನಮ್ಮನೆಯಲ್ಲಿ ಮುದ್ದೆಗೆ ಉಪ್ಪು ಹಾಕಲ್ಲ. ಹಾಗಾಗಿ ಬಸ್ಸಾರಿಗೆ ಉಪ್ಪು, ಖಾರ ಮುಂದಿರಲೇಬೇಕು. ಮೊನ್ನೆ ಉಪ್ಪು ಅರ್ಧ ಮಾಡಿದೆ. ಮಾವ ಒಂದು ತುತ್ತು ನುಂಗಿದರು. ಮಾತಾಡದೆ ಡಬ್ಬಿ ಎಳೆದುಕೊಂಡು, ಕಲ್ಲುಪ್ಪನ್ನು ಸಾರಿಗೆ ಹಾಕಿ ಬೆರಳಲ್ಲೇ ಕದಡಿದರು. ನನಗೆ ಕಣ್ಣಲ್ಲಿ ನೀರು ಬಂತು. "ಕಲ್ಲುಪ್ಪು ಏನೂ ಮಾಡಲ್ಲ ಕಣಮ್ಮ, ಪುಡಿ ಉಪ್ಪೇ ಕೆಟ್ಟದ್ದು" ಅಂತಾರೆ. ಎರಡರಲ್ಲೂ ಇರೋದು ಬಿಪಿ ಏರಿಸೋ ಅದೇ ಸೋಡಿಯಂ ಅಲ್ವಾ? ಇದನ್ನು ಅವರಿಗೆ ಒಪ್ಪೋ ಹಾಗೆ ಹೇಗೆ ಹೇಳಲಿ?

ಸೋಡಿಯಂ ಕಡಿಮೆ ಇರಲಿ ಅಂತ ಪೊಟ್ಯಾಸಿಯಂ ಬೆರೆಸಿ ಮಾರುವ ಉಪ್ಪು ಸದ್ಯಕ್ಕೆ ಬೇಡ. ಕಿಡ್ನಿ ತೊಂದರೆ ಇದ್ದರೆ, ಕೆಲವು ಬಿಪಿ ಮಾತ್ರೆ ತಗೊಳ್ತಿದ್ದರೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಲ್ಲ.

ಉಪ್ಪು ಕಡಿಮೆಯಾದರೂ ಸಪ್ಪೆ ಅನ್ನಿಸದ ಸಾರು ಮಾಡೋರು ದಯವಿಟ್ಟು ಹೇಳಿ. ಹುಣಸೆ, ಬೆಳ್ಳುಳ್ಳಿ, ಮೆಣಸು ಎಷ್ಟು ಜಾಸ್ತಿ ಮಾಡ್ತೀರಿ? ಒಂದೇ ಸಲ ಅರ್ಧ ಮಾಡಿದ್ದು ನನ್ನ ತಪ್ಪಾ, ವಾರವಾರ ಚೂರುಚೂರೇ ಇಳಿಸಬೇಕಿತ್ತಾ? ಹಿರಿಯರ ಮನಸ್ಸು ನೋಯಿಸದೆ ಆ ಡಬ್ಬಿಯನ್ನು ಊಟದ ಜಾಗದಿಂದ ಎತ್ತಿಟ್ಟವರು ಯಾರಾದರೂ ಇದ್ದೀರಾ?